ಚೀನಾ ಆಸ್ಥಾನದ ಆಕಾಶ ಉತ್ಪಾತ: ಒಂದು ದಾಖಲೆಯನ್ನು ಹಂತ ಹಂತವಾಗಿ ಓದುವ ಕ್ರಮ

ಹಾನ್ ವಂಶ ಕ್ರಿ.ಪೂ. 206ರಲ್ಲಿ ತಲೆಯೆತ್ತಿದಾಗಿನಿಂದ ಚಿಂಗ್ ವಂಶ 1912ರಲ್ಲಿ ಇಳಿಯುವವರೆಗೆ ಚೀನಾದ ಅರಮನೆಗೆ ಗ್ರಹಣವೆಂದರೆ ಕಚೇರಿ ಕೆಲಸ. ನೋಡುವವರು ಸಂಬಳದ ನೌಕರರು, ನೋಡಿದ್ದು ಬಿನ್ನವತ್ತಳೆಯಾಗಿ ಸಮ್ರಾಟನ ಕೈಸೇರುತ್ತಿತ್ತು, ಅದಕ್ಕೆ ಉತ್ತರವಾಗಿ ನಿರೂಪ ಹೊರಡುತ್ತಿತ್ತು, ಕೆಲವೊಮ್ಮೆ ಮಂತ್ರಿಯ ತಲೆಯೂ ಉರುಳುತ್ತಿತ್ತು. ಇದರ ಹಿಂದಿನ ಸಿದ್ಧಾಂತವನ್ನು ಗಟ್ಟಿಯಾಗಿ ಕಟ್ಟಿಕೊಟ್ಟವನು ಹಾನ್ ವಂಶದ ವೂ ಸಮ್ರಾಟನ ಕಾಲದ ಕನ್‌ಫ್ಯೂಷಿಯನ್ ಪಂಡಿತ ದೋಂಗ್ ಜೋಂಗ್‌ಶು. ರಾಜ ತಪ್ಪಿದರೆ ಆಕಾಶ ಮೊದಲು ಅನಾಹುತ ಕಳಿಸಿ ಗದರಿಸುತ್ತದೆ. ಕೇಳದಿದ್ದರೆ ವಿಪರೀತಗಳನ್ನು ತೋರಿಸಿ ಹೆದರಿಸುತ್ತದೆ. ಆಗಲೂ ತಿದ್ದಿಕೊಳ್ಳದವನನ್ನು ಕೆಡವುತ್ತದೆ.

ಇಂಥ ದಾಖಲೆಯನ್ನು ಮೂಢನಂಬಿಕೆಯೆಂದು ಪಕ್ಕಕ್ಕಿಡುವವರೂ, ಶುದ್ಧ ಖಗೋಳ ಮಾಹಿತಿಯೆಂದು ಹಾಗೇ ನಂಬುವವರೂ ಅರ್ಧವನ್ನಷ್ಟೇ ಓದುತ್ತಾರೆ. ಮೊದಲು ಆಕಾಶದಲ್ಲಿ ಏನಾಯಿತೆಂದು ಗಟ್ಟಿ ಮಾಡಿಕೊಳ್ಳಬೇಕು, ಆಮೇಲೆ ಅರಮನೆಯಲ್ಲಿ ಏನಾಯಿತೆಂದು ಕೇಳಬೇಕು. ಎರಡಕ್ಕೂ ತಾಳೆ ಬೀಳದ ಕಡೆಯಲ್ಲೇ ರಾಜಕೀಯ ಹೆಚ್ಚು ಕಾಣಿಸುತ್ತದೆ. ಸುಳ್ಳು ದಾಖಲೆ ಸಿಕ್ಕರೆ ಬಿಸಾಡಬೇಡಿ. ನಿಜವಾದ ದಾಖಲೆ ಹೇಳದ್ದನ್ನು ಅದು ಹೇಳುತ್ತದೆ.

ಕೈಗೆ ಬೇಕಾದ ಸಾಮಾನು

ಹಿಂದಿನ ಯಾವುದೇ ದಿನದ ಆಕಾಶ ತೋರಿಸುವ ಸ್ಟೆಲೇರಿಯಂ ಎಂಬ ಉಚಿತ ತಂತ್ರಾಂಶ, ಒಂದು ಕ್ಯಾಲ್ಕ್ಯುಲೇಟರ್, ಮೂಲ ಇತಿಹಾಸದ ಪಠ್ಯ ಅಥವಾ ಅದರ ಅನುವಾದ, ಇಷ್ಟಿದ್ದರೆ ಶುರು ಮಾಡಬಹುದು. ಚೀನೀ ಭಾಷೆ ಪೂರ್ತಿ ಬರಬೇಕೆಂದಿಲ್ಲ. ಆದರೆ ದಿನಗಳಿಗೆ ಹೆಸರಿಡುವ ಹತ್ತು ‘ಕಾಂಡ’ ಮತ್ತು ಹನ್ನೆರಡು ‘ಶಾಖೆ’ಗಳ 22 ಅಕ್ಷರಗಳನ್ನು ಗುರುತಿಸಲು ಕಲಿಯಲೇಬೇಕು, ಒಂದು ವಾರಾಂತ್ಯದ ಕೆಲಸ. ಅನುವಾದಕರು ದಿನದ ಹೆಸರನ್ನು ಬಿಟ್ಟು ಬರೀ ಇಸವಿ ಕೊಡುವುದುಂಟು. ಹಾಗಾದರೆ ಮುಂದಿನ ಪರೀಕ್ಷೆಗಳ ಬೇರೇ ಕಡಿದುಹೋಗುತ್ತದೆ.

ಒಂದೇ ದಾಖಲೆಯನ್ನು ಹಿಡಿದು ಹೊರಡೋಣ. ಹಾನ್ ವಂಶದ ವೆನ್ ಸಮ್ರಾಟನ 2ನೇ ವರ್ಷ, 11ನೇ ತಿಂಗಳು, ಗುಯ್‌ಮಾವೊ ದಿನ, ತಿಂಗಳ ಕೊನೆಯ ದಿನ: ಸೂರ್ಯಗ್ರಹಣವಾಯಿತು.

1. ಪುಸ್ತಕದ ಯಾವ ಭಾಗದಿಂದ ಎತ್ತಿದ್ದು?

ಚೀನಾದ ರಾಜವಂಶಗಳ ಅಧಿಕೃತ ಇತಿಹಾಸದಲ್ಲಿ ಉತ್ಪಾತಗಳು ಮೂರು ಕಡೆ ಬರುತ್ತವೆ. ಸಮ್ರಾಟರ ವಾರ್ಷಿಕ ವೃತ್ತಾಂತದಲ್ಲಿ ಒಂದೇ ಸಾಲು, ದಿನದ ಹೆಸರಿನೊಡನೆ. ಆಕಾಶದ ಪ್ರಕರಣ ಮತ್ತು ಪಂಚಭೂತಗಳ ಪ್ರಕರಣಗಳಲ್ಲಿ (ಹಾನ್ ವಂಶದ ಇತಿಹಾಸವಾದ ಹಾನ್‌ಶು ಗ್ರಂಥದ 26 ಮತ್ತು 27ನೇ ಸಂಪುಟ) ಘಟನೆ, ಅದರ ಅರ್ಥ, ‘ಫಲ’ ಮೂರೂ ಒಟ್ಟಿಗೆ. ಮಂತ್ರಿಗಳ ಜೀವನಚರಿತ್ರೆಯಲ್ಲಿ ಬಿನ್ನವತ್ತಳೆಗಳ ಪಠ್ಯ.

ವಾರ್ಷಿಕ ವೃತ್ತಾಂತದ ಸಾಲಿಗೆ ಹೆಚ್ಚು ತೂಕ ಕೊಡಿ. ಪ್ರಕರಣಗಳಲ್ಲಿ ಬರುವ ಫಲವನ್ನು ಬರೆದವರು ಮುಂದೇನಾಯಿತೆಂದು ಗೊತ್ತಿದ್ದವರು. ಸಮ್ರಾಟ ಸತ್ತ ಮೇಲೆ, ಮೂರು ವರ್ಷದ ಹಿಂದಿನ ಧೂಮಕೇತು ಅದನ್ನೇ ಸೂಚಿಸಿತ್ತೆಂದು ಬರೆಯುವುದು ಸುಲಭ. ನಿಮ್ಮ ಹಾಳೆಯಲ್ಲಿ ಘಟನೆ, ಆ ಕಾಲದವರೇ ಹೇಳಿದ ಅರ್ಥ, ಆಮೇಲಿನವರು ಅಂಟಿಸಿದ ಫಲ ಎಂದು ಮೂರು ಅಂಕಣ ಮಾಡಿ. ಎರಡನೆಯದೂ ಮೂರನೆಯದೂ ಬೆರೆತರೆ ಮುಂದಿನದೆಲ್ಲ ಕೆಡುತ್ತದೆ.

2. ದಿನಾಂಕ ಬಿಡಿಸುವುದು

ಹೆಚ್ಚಿನವರು ಎಡವುವುದು ಇಲ್ಲೇ, ಹಾಗಾಗಿ ನಿಧಾನವಾಗಿ ಹೋಗೋಣ.

ವರ್ಷದ ಆರಂಭ ಮೊದಲು ನೋಡಬೇಕು. ಕ್ರಿ.ಪೂ. 104ರಲ್ಲಿ ಪಂಚಾಂಗ ಸುಧಾರಣೆಯಾಗುವ ತನಕ ಹಾನ್ ವರ್ಷ ಶುರುವಾಗುತ್ತಿದ್ದದ್ದು ಹತ್ತನೇ ತಿಂಗಳಿನಿಂದ: 10, 11, 12, ಆಮೇಲೆ 1ರಿಂದ 9. ಹೀಗಾಗಿ ವೆನ್ ಸಮ್ರಾಟನ ‘2ನೇ ವರ್ಷದ 11ನೇ ತಿಂಗಳು’ ಆ ವರ್ಷದ ಎರಡನೆಯ ತಿಂಗಳು, ವರ್ಷದ ಕೊನೆಯಲ್ಲ. ಇದು ಗೊತ್ತಿಲ್ಲದೆ ಲೆಕ್ಕ ಹಾಕಿದವರು ಒಂದು ವರ್ಷ ಮುಂದೆ ಹೋಗಿ ಗ್ರಹಣ ಹುಡುಕುತ್ತಾರೆ. ಅಧಿಕ ಮಾಸವೂ ಆಗ ವರ್ಷದ ಕೊನೆಗೆ, ‘ಎರಡನೇ ಒಂಬತ್ತು’ ಎಂದು ಸೇರುತ್ತಿತ್ತು. 104ರ ನಂತರದ ನಿಯಮ ನಮ್ಮ ಪಂಚಾಂಗ ಬಲ್ಲವರಿಗೆ ಕೂಡಲೇ ಹಿಡಿಯುತ್ತದೆ. ಸಂಕ್ರಾಂತಿ ಬೀಳದ ಚಾಂದ್ರಮಾಸವೇ ಅಧಿಕ ಮಾಸ ಎಂಬ ನಮ್ಮ ತತ್ವವೇ ಅಲ್ಲಿಯದೂ.

ಆಮೇಲೆ ದಿನದ ಹೆಸರು. ಪ್ರಭವ, ವಿಭವ ಎಂದು ನಾವು 60 ವರ್ಷಗಳನ್ನು ಸುತ್ತಿಸುವಂತೆ ಅವರು ದಿನಗಳನ್ನೂ ಅರವತ್ತರ ಸುತ್ತಿನಲ್ಲಿ ಎಣಿಸುತ್ತಾರೆ. ಈ ಸುತ್ತು ಹಾನ್ ಕಾಲದಿಂದ ಇಂದಿನವರೆಗೆ ಎಲ್ಲೂ ಮುರಿದಿಲ್ಲ. ರಾಜವಂಶ ಬದಲಾಗಲಿ, ಪಂಚಾಂಗ ಬದಲಾಗಲಿ, ದಿನದ ಹೆಸರು ತನ್ನ ಪಾಡಿಗೆ ಮುಂದುವರಿದಿದೆ. ಅದಕ್ಕೇ ಇಸವಿಗಿಂತ, ತಿಂಗಳಿಗಿಂತ ಇದನ್ನು ಹೆಚ್ಚು ನಂಬಬಹುದು.

ಪರೀಕ್ಷಿಸುವ ಬಗೆ ಹೀಗೆ:

1. ಕ್ರಿ.ಪೂ. ವರ್ಷವನ್ನು ಖಗೋಳ ಎಣಿಕೆಗೆ ತನ್ನಿ. ಖಗೋಳಜ್ಞರಿಗೆ ಸೊನ್ನೆ ವರ್ಷ ಉಂಟು, ಇತಿಹಾಸಕಾರರಿಗಿಲ್ಲ. ಆದ್ದರಿಂದ ಕ್ರಿ.ಪೂ. 178 ಎಂದರೆ ತಂತ್ರಾಂಶದಲ್ಲಿ −177.
2. ನಮ್ಮ ಊಹೆಯ ದಿನ ಕ್ರಿ.ಪೂ. 178 ಜನವರಿ 2, ಜೂಲಿಯನ್ ಪಂಚಾಂಗದಂತೆ. ಆ ದಿನ ಗ್ರೀನಿಚ್ ಮಧ್ಯಾಹ್ನದ ಜೂಲಿಯನ್ ದಿನಸಂಖ್ಯೆ (ಖಗೋಳಜ್ಞರು ದಿನಗಳನ್ನು ಒಂದೇ ಸಮನೆ ಎಣಿಸುವ ಲೆಕ್ಕ) 1656410.
3. ಅದರಿಂದ 11 ಕಳೆಯಿರಿ: 1656399. 60ರಿಂದ ಭಾಗಿಸಿ: ಭಾಗಲಬ್ಧ 27606, ಶೇಷ 39. ಶೇಷಕ್ಕೆ 1 ಕೂಡಿಸಿ: 40.
4. ನಲವತ್ತನೇ ದಿನಕ್ಕೆ ಹತ್ತನೇ ಕಾಂಡ ‘ಗುಯ್’, ನಾಲ್ಕನೇ ಶಾಖೆ ‘ಮಾವೊ’. ಗುಯ್‌ಮಾವೊ. ದಾಖಲೆಗೆ ಸರಿಯಾಗಿ ತಾಳೆಯಾಯಿತು.

ತಾಳೆಯಾಗದಿದ್ದರೆ ವ್ಯತ್ಯಾಸದ ಸಂಖ್ಯೆಯೇ ರೋಗ ಯಾವುದೆಂದು ಹೇಳುತ್ತದೆ. 1 ಬಂದರೆ ಬಹುತೇಕ ದಶಾಂಶ ಕತ್ತರಿಸುವಾಗ ಆದ ತಪ್ಪು. ಚೀನಾದ ಮಧ್ಯಾಹ್ನಕ್ಕೆ ತಂತ್ರಾಂಶ 1656409.7 ಎಂದು ತೋರಿಸುತ್ತದೆ, ಅದನ್ನು 1656409 ಎಂದು ಬರೆದುಕೊಂಡರೆ ಒಂದು ದಿನ ಹಿಂದೆ ಬೀಳುತ್ತೀರಿ. 30ರ ಆಸುಪಾಸು ಬಂದರೆ ತಿಂಗಳು ಒಂದು ತಪ್ಪಿದೆ. 6 ಬಂದರೆ ವರ್ಷ ತಪ್ಪಿದೆ, ಏಕೆಂದರೆ ಹನ್ನೆರಡು ಚಾಂದ್ರಮಾಸಕ್ಕೆ 354 ದಿನ, ಅದನ್ನು 60ರಿಂದ ಭಾಗಿಸಿದರೆ ಮುಂದಿನ ಪೂರ್ಣ ಸುತ್ತಿಗೆ ಆರು ಕಡಿಮೆ. ನಡುವೆ ಅಧಿಕ ಮಾಸ ಬಂದಿದ್ದರೆ 24. ಒಂದು ಎಚ್ಚರ: ಎರಡು ತಿಂಗಳ ತಪ್ಪು ಕೂಡ (59 ದಿನ) 1 ಎಂದೇ ಕಾಣಿಸುತ್ತದೆ. ಅದನ್ನು ಬೇರ್ಪಡಿಸಲು ಗ್ರಹಣವನ್ನೇ ನೋಡಬೇಕು.

ಕನ್ನಡ ಶಾಸನಗಳ ತೇದಿಯನ್ನು ವಾರ, ತಿಥಿ, ಗ್ರಹಣ ಹೊಂದಿಸಿ ಪರೀಕ್ಷಿಸಿದವರಿಗೆ ಈ ಕೆಲಸದ ಜಾಡು ಹೊಸದೇನಲ್ಲ.

3. ಆಕಾಶದಲ್ಲಿ ಅದು ನಿಜವಾಗಿ ನಡೆಯಿತೆ?

ತಂತ್ರಾಂಶದಲ್ಲಿ ಸ್ಥಳವನ್ನು ಅಂದಿನ ರಾಜಧಾನಿಗೆ ಹೊಂದಿಸಿ. ಪಶ್ಚಿಮ ಹಾನ್‌ಗೆ ಚಾಂಗ್‌ಆನ್ (ಇಂದಿನ ಶಿಯಾನ್: 34.3 ಡಿಗ್ರಿ ಉತ್ತರ, 108.9 ಡಿಗ್ರಿ ಪೂರ್ವ), ಪೂರ್ವ ಹಾನ್‌ಗೆ ಲೋಯಾಂಗ್ (34.7 ಉತ್ತರ, 112.5 ಪೂರ್ವ). ಇಂದಿನ ಬೀಜಿಂಗ್ ಸಮಯ ಬೇಡ. ಚಾಂಗ್‌ಆನ್‌ನ ಸ್ಥಳೀಯ ಸಮಯ ಗ್ರೀನಿಚ್‌ಗಿಂತ 7 ಗಂಟೆ 16 ನಿಮಿಷ ಮುಂದೆ. ಭೂಮಿ ತನ್ನ ಅಕ್ಷದ ಮೇಲೆ ಸುತ್ತುವುದು ನಿಧಾನವಾಗುತ್ತಿರುವುದಕ್ಕೆ ತಂತ್ರಾಂಶ ಮಾಡುವ ತಿದ್ದುಪಡಿಯನ್ನು ಮಾತ್ರ ತೆಗೆದುಹಾಕಬೇಡಿ. ಕ್ರಿ.ಪೂ. 178ರ ಹೊತ್ತಿಗೆ ಅದು ಸುಮಾರು ಮೂರೂವರೆ ಗಂಟೆಯಾಗುತ್ತದೆ. ತೆಗೆದುಬಿಟ್ಟರೆ ಚೀನಾದಲ್ಲಿ ಕಂಡ ಗ್ರಹಣ ಭೂಗೋಳದ ಮೇಲೆ ಎಲ್ಲೋ ಬೇರೆ ಕಡೆ ಹೋಗಿ ಕೂರುತ್ತದೆ.

ಗ್ರಹಣವಾದರೆ ಮೊದಲ ಪ್ರಶ್ನೆ: ತಿಂಗಳ ಯಾವ ದಿನ? ಸೂರ್ಯ ಚಂದ್ರರ ಯುತಿಯ ದಿನವೇ ಚೀನೀ ತಿಂಗಳ ಮೊದಲ ದಿನವಾಗಬೇಕು. ಹಾಗಿದ್ದೂ ನಮ್ಮ ದಾಖಲೆ ‘ಕೊನೆಯ ದಿನ’ ಎನ್ನುತ್ತದೆ. ಇದನ್ನು ಕಂಡು ಸುಳ್ಳೆಂದು ತೀರ್ಮಾನಿಸಬೇಡಿ. ಹಾನ್ ಆರಂಭದ ಪಂಚಾಂಗ ಸವೆದು ಸುಮಾರು ಒಂದು ದಿನ ಹಿಂದೆ ಬಿದ್ದಿತ್ತು, ಆದ್ದರಿಂದ ಆ ಕಾಲದ ನಿಜವಾದ ಗ್ರಹಣಗಳು ಕೊನೆಯ ದಿನಕ್ಕೇ ಬೀಳುತ್ತವೆ. ಇಂಥ ಒರಟುತನ ಒಳ್ಳೆಯ ಲಕ್ಷಣ. ಯಾರೋ ಕೂತು ಕಲ್ಪಿಸಿ ಬರೆದಿದ್ದರೆ ಮೊದಲ ದಿನಕ್ಕೇ ಹಾಕುತ್ತಿದ್ದರು.

ಅದೇ ವೆನ್ ಸಮ್ರಾಟನ ಪುಟದಲ್ಲಿ, ಹಾನ್‌ಶುಗಿಂತ ಹಳೆಯ ಇತಿಹಾಸವಾದ ಶಿಜಿ ಗ್ರಂಥ ಇನ್ನೊಂದು ಸಾಲು ಸೇರಿಸುತ್ತದೆ: 12ನೇ ತಿಂಗಳ ಹುಣ್ಣಿಮೆಯಂದು ಸೂರ್ಯಗ್ರಹಣ ಮತ್ತೆ ಆಯಿತು. ಹುಣ್ಣಿಮೆಯಲ್ಲಿ ಸೂರ್ಯಗ್ರಹಣ ಆಗಲಾರದು. ಹಳೆಯ ವ್ಯಾಖ್ಯಾನಕಾರರೇ ಇದನ್ನು ಹಿಡಿದು, ಇನ್ನೊಂದು ಪ್ರತಿಯಲ್ಲಿ ‘ಚಂದ್ರಗ್ರಹಣ’ ಎಂದಿದೆಯೆಂದು ಟಿಪ್ಪಣಿ ಬರೆದಿದ್ದಾರೆ. ಇದು ನಕಲುಗಾರನ ಕೈತಪ್ಪು, ರಾಜಕೀಯ ಏನೂ ಇಲ್ಲ. ಎಲ್ಲ ತಪ್ಪಿನ ಹಿಂದೆಯೂ ಸಂಚು ಹುಡುಕುವ ಚಟ ಬೇಡ.

ಸಂಚು ಹುಡುಕಬೇಕಾದ ಜಾಗ ಗ್ರಹಗಳದ್ದು. ಹಾನ್‌ಶು ಪ್ರಕಾರ ವಂಶದ 1ನೇ ವರ್ಷದ 10ನೇ ತಿಂಗಳಲ್ಲಿ, ಹಾನ್ ವಂಶಸ್ಥಾಪಕ ಲಿಯು ಬಾಂಗ್ ಹಿಂದಿನ ಚಿನ್ ವಂಶದ ರಾಜಧಾನಿಯ ಬಾಗಿಲಿಗೆ ಬಂದಾಗ, ಐದೂ ಗ್ರಹಗಳು ‘ಪೂರ್ವದ ಬಾವಿ’ ಎಂಬ ನಕ್ಷತ್ರಮನೆಯಲ್ಲಿ (ನಮ್ಮ ಮಿಥುನದಲ್ಲಿ) ಸೇರಿದವು. ಹೊಸ ವಂಶಕ್ಕೆ ಆಕಾಶದ ಅಪ್ಪಣೆ ಸಿಕ್ಕಿತೆಂಬುದಕ್ಕೆ ಇದಕ್ಕಿಂತ ದೊಡ್ಡ ಮುದ್ರೆ ಬೇಕಿರಲಿಲ್ಲ. ಐದನೇ ಶತಮಾನದಲ್ಲಿ ಉತ್ತರ ವೆಯ್ ಆಸ್ಥಾನದ ಗಾವೊ ಯುನ್ ಇದಕ್ಕೆ ಬರೀ ತರ್ಕದಿಂದ ಕೈಹಾಕಿದ. ಹತ್ತನೇ ತಿಂಗಳಲ್ಲಿ ಸೂರ್ಯ ಇರುವುದು ವೃಶ್ಚಿಕ ಧನುಗಳ ಕಡೆ. ಸೂರ್ಯ ಮುಳುಗುವ ಹೊತ್ತಿಗೆ ಪೂರ್ವದ ಬಾವಿ ಎದುರು ದಿಕ್ಕಿನಲ್ಲಿ ಹುಟ್ಟುತ್ತಿರುತ್ತದೆ. ಬುಧ ಸೂರ್ಯನಿಂದ 28 ಡಿಗ್ರಿ ದಾಟದು, ಶುಕ್ರ 48 ದಾಟದು. ಅವೆರಡು ಅಲ್ಲಿಗೆ ಹೋಗುವುದು ಹೇಗೆ? ಮೊದಲು ಒಪ್ಪದಿದ್ದ, ಅದೇ ಆಸ್ಥಾನದ ತ್ಸುಯ್ ಹಾವೊ ಆಮೇಲೆ ಲೆಕ್ಕ ಹಾಕಿ ನೋಡಿ, ಹತ್ತನೇ ತಿಂಗಳಲ್ಲ ಎಂದು ಒಪ್ಪಿಕೊಂಡ.

ಇಂದಿನ ಲೆಕ್ಕದಂತೆ ಆ ಕೂಟ ನಡೆದದ್ದು ಕ್ರಿ.ಪೂ. 205ರ ಮೇ ತಿಂಗಳಲ್ಲಿ. ಅಂದರೆ ಘಟನೆ ನಿಜ, ಸ್ಥಾನ ನಿಜ, ದಿನಾಂಕ ಮಾತ್ರ ಸುಮಾರು ಒಂದೂವರೆ ವರ್ಷ ಹಿಂದಕ್ಕೆ ಸರಿದಿದೆ, ಸರಿಯಾಗಿ ವಿಜಯದ ತಿಂಗಳಿಗೆ. ಹಳೆಯದಾದ ಶಿಜಿ ದಿನಾಂಕ ಕೊಡದೆ ‘ಹಾನ್ ಏಳಿಗೆಯ ಕಾಲದಲ್ಲಿ’ ಎಂದಷ್ಟೇ ಹೇಳಿತ್ತು. ಎರಡು ಗ್ರಂಥಗಳನ್ನು ಅಕ್ಕಪಕ್ಕ ಇಟ್ಟರೆ ಸರಿಸಿದ ಕೈ ಕಾಣುತ್ತದೆ.

ಮಂಗಳದ ದಾಖಲೆಗಳಿಗೆ ಇನ್ನೂ ಹೆಚ್ಚು ಅನುಮಾನ ಇರಲಿ. ‘ಮಂಗಳ ಹೃದಯವನ್ನು ಕಾಯುತ್ತಿದೆ’ ಎಂಬುದು ಸಮ್ರಾಟನಿಗೆ ಅತಿ ಕೆಟ್ಟ ಶಕುನ. ‘ಹೃದಯ’ ಎಂದರೆ ನಮ್ಮ ಜ್ಯೇಷ್ಠಾ ನಕ್ಷತ್ರದ ಸುತ್ತಲಿನ ಮನೆ, ಅಗಲ ಐದೇ ಡಿಗ್ರಿ. ‘ಕಾಯುವುದು’ ಎಂದರೆ ವಕ್ರಗತಿ ತಿರುಗುವ ಹೊತ್ತಿಗೆ ಅಲ್ಲೇ ನಿಂತುಬಿಡುವುದು. ಮಂಗಳ ಆಕಾಶದ ಅದೇ ಭಾಗದಲ್ಲಿ ವಕ್ರವಾಗುವುದು 15 ಅಥವಾ 17 ವರ್ಷಕ್ಕೊಮ್ಮೆ, ಅದರಲ್ಲೂ ಆ ಐದು ಡಿಗ್ರಿಯೊಳಗೇ ನಿಲ್ಲುವುದು ಇನ್ನೂ ಅಪರೂಪ. ತೈವಾನಿನ ವಿಜ್ಞಾನ ಇತಿಹಾಸಕಾರ ಹುವಾಂಗ್ ಯಿ-ಲಾಂಗ್ ಮತ್ತು ಸಂಗಡಿಗರು ಇತಿಹಾಸಗಳಲ್ಲಿ ಸಿಗುವ ಇಂಥ 23 ದಾಖಲೆಗಳನ್ನು ಲೆಕ್ಕ ಹಾಕಿದಾಗ 17 ನಡೆದೇ ಇರಲಿಲ್ಲ. ನಿಜವಾಗಿ ನಡೆದವುಗಳಲ್ಲಿ ಹೆಚ್ಚಿನವು ಪುಸ್ತಕ ಸೇರಲೇ ಇಲ್ಲ.

ತಾಂಗ್ ಕಾಲದ ಮೇಲಿನ ಗ್ರಹಣಗಳಿಗೆ ಬೇರೆಯೇ ಬಲೆ. ಆ ಹೊತ್ತಿಗೆ ಗ್ರಹಣವನ್ನು ಮುಂಚೆಯೇ ಲೆಕ್ಕ ಹಾಕುತ್ತಿದ್ದರು, ಹೀಗಾಗಿ ದಾಖಲೆ ಕಣ್ಣಿನದೋ ಲೆಕ್ಕದ್ದೋ ತಿಳಿಯದು. 725ರಲ್ಲಿ ತೈ ಪರ್ವತದ ಮಹಾಯಜ್ಞ ಮುಗಿಸಿ ತಾಂಗ್ ಸಮ್ರಾಟ ಶ್ವಾನ್‌ಜೋಂಗ್ ಮರಳುವಾಗ ಆಗಬೇಕಿದ್ದ ಗ್ರಹಣ ಕಾಣಲಿಲ್ಲ. ಅಧಿಕಾರಿಗಳು ಸಮ್ರಾಟನನ್ನು ಅಭಿನಂದಿಸಿದರು, ಲೆಕ್ಕಿಗನಾದ ಭಿಕ್ಷು ಯಿಶಿಂಗ್ ಕೂಡ ಸಮ್ರಾಟನ ಸದ್ಗುಣದಿಂದ ಅದು ತಪ್ಪಿತೆಂದು ವಾದಿಸಿದ.

4. ಆ ಜಾಗಕ್ಕೆ ಆ ಕಾಲದವರು ಕೊಟ್ಟ ಅರ್ಥ

ಆಕಾಶದ 28 ನಕ್ಷತ್ರಮನೆಗಳನ್ನು ನೆಲದ ಪ್ರಾಂತ್ಯಗಳಿಗೆ ಹಂಚಿದ್ದರು. ಪೂರ್ವದ ಬಾವಿ ಚಿನ್ ಸೀಮೆಗೆ, ಹೃದಯ ಹಳೆಯ ಸೋಂಗ್ ರಾಜ್ಯಕ್ಕೆ. ಹೃದಯದ ಮೂರು ನಕ್ಷತ್ರಗಳಲ್ಲಿ ನಡುವಿನದು ಸಮ್ರಾಟ, ಮುಂದಿನದು ಯುವರಾಜ, ಹಿಂದಿನದು ಉಳಿದ ಮಕ್ಕಳು. ಕ್ರಿಯಾಪದಗಳಿಗೂ ಅಳತೆಯಿತ್ತು. ‘ಅತಿಕ್ರಮಿಸಿತು’ ಎಂದರೆ ಏಳು ತ್ಸುನ್ ಒಳಗೆ, ಸುಮಾರು 0.7 ಡಿಗ್ರಿಯಷ್ಟು ಹತ್ತಿರ ಬಂತೆಂದು. ಅವರ ವೃತ್ತಕ್ಕೆ 360 ಅಲ್ಲ, 365¼ ಡಿಗ್ರಿ. ಆದ್ದರಿಂದ ಅವರ ಒಂದು ಡಿಗ್ರಿ ನಮ್ಮದಕ್ಕಿಂತ ತುಸು ಚಿಕ್ಕದು.

ಈ ಹಂಚಿಕೆ ಎಷ್ಟು ಹರಿತವಾಗಬಲ್ಲದೆಂದು 626ರಲ್ಲಿ ಗೊತ್ತಾಯಿತು. ತಾಂಗ್ ಆಸ್ಥಾನದ ಮುಖ್ಯ ಖಗೋಳಾಧಿಕಾರಿ ಫೂ ಯಿ ಸಮ್ರಾಟ ಗಾವೊಜುಗೆ ಗುಟ್ಟಾಗಿ ವರದಿ ಕೊಟ್ಟ: ಶುಕ್ರ ಹಗಲಲ್ಲೇ ಚಿನ್ ಸೀಮೆಯ ಭಾಗದಲ್ಲಿ ಕಾಣುತ್ತಿದೆ, ಚಿನ್ ರಾಜನಿಗೆ ಸಾಮ್ರಾಜ್ಯ ಸಿಗಬೇಕು. ಸಮ್ರಾಟನ ಎರಡನೇ ಮಗ ಲಿ ಶಿಮಿನ್‌ನ ಬಿರುದು ‘ಚಿನ್ ರಾಜ’. ತಂದೆ ಆ ಕಾಗದವನ್ನು ಮಗನಿಗೇ ತೋರಿಸಿದ. ಮರುದಿನ, ಜುಲೈ 2ರಂದು, ಶ್ವಾನ್‌ವು ಬಾಗಿಲಲ್ಲಿ ಲಿ ಶಿಮಿನ್ ಅಣ್ಣ ಯುವರಾಜನನ್ನೂ ತಮ್ಮನನ್ನೂ ಕೊಂದ. ಎರಡು ತಿಂಗಳಲ್ಲಿ ಅವನೇ ಸಮ್ರಾಟ.

ಇಲ್ಲಿ ಮಾಡಬೇಕಾದದ್ದು: ಒಂದೇ ಘಟನೆಗೆ ಎಷ್ಟು ಅರ್ಥಗಳು ಲಭ್ಯವಿದ್ದವೆಂದು ಮೊದಲು ಪಟ್ಟಿ ಮಾಡಿ, ಆಮೇಲೆ ಅವುಗಳಲ್ಲಿ ಯಾವುದನ್ನು ಆರಿಸಿದರೆಂದು ನೋಡಿ. ಹಗಲಲ್ಲಿ ಕಂಡ ಶುಕ್ರ ಯುದ್ಧದ ಸೂಚನೆಯೂ ಆಗಬಹುದಿತ್ತು. ಆಯ್ಕೆಯಲ್ಲೇ ರಾಜಕೀಯವಿದೆ. ಅರ್ಥಗಳ ಕೋಶ ಬೇಕಿದ್ದರೆ 120 ಸಂಪುಟಗಳ ಕೈಯುವಾನ್ ಜಾನ್‌ಜಿಂಗ್ ಇದೆ. ಎಂಟನೇ ಶತಮಾನದಲ್ಲಿ ಅದನ್ನು ಸಂಗ್ರಹಿಸಿದವನು ಗೌತಮ ಸಿದ್ಧ, ತಾಂಗ್ ಖಗೋಳ ಕಚೇರಿಯಲ್ಲಿ ಉನ್ನತ ಹುದ್ದೆಯಲ್ಲಿದ್ದ ಭಾರತೀಯ ಮೂಲದ ಮನೆತನದವನು. 718ರಲ್ಲಿ ನವಗ್ರಹ ಗಣಿತವನ್ನು ಚೀನೀ ಭಾಷೆಗೆ ತಂದವನೂ ಅವನೇ.

5. ವರದಿ ಯಾರ ಕೈಯಿಂದ ಹೋಯಿತು?

ಪೂರ್ವ ಹಾನ್ ಕಾಲದಲ್ಲಿ ಲೋಯಾಂಗಿನ ವೀಕ್ಷಣಾ ವೇದಿಕೆಯಲ್ಲಿ 42 ಜನ ಇದ್ದರು: ನಕ್ಷತ್ರ ನೋಡಲು 14, ಸೂರ್ಯನಿಗೆ 2, ಗಾಳಿಗೆ 3, ಆಕಾಶದ ಆವಿ ಬಣ್ಣಗಳಿಗೆ 12, ನೆರಳಿನ ಅಳತೆಗೆ 3, ಸ್ವರಮಾನಕ್ಕೆ 7, ಆಳು ಒಬ್ಬ. ಹೊರಗಿನವರು ಈ ಕೆಲಸಕ್ಕೆ ಕೈಹಾಕುವಂತಿರಲಿಲ್ಲ. ತಾಂಗ್ ಕಾನೂನಿನಲ್ಲಿ ಖಗೋಳದ ಉಪಕರಣ, ಪುಸ್ತಕ ಮನೆಯಲ್ಲಿಟ್ಟುಕೊಂಡರೆ ಎರಡು ವರ್ಷ ಕಠಿಣ ದುಡಿಮೆಯ ಶಿಕ್ಷೆ. 840ರಲ್ಲಿ ಕಚೇರಿಯ ನೌಕರರು ಬೇರೆ ಅಧಿಕಾರಿಗಳೊಡನೆ, ಊರಿನ ಜನರೊಡನೆ ಬೆರೆಯುವುದನ್ನೂ ನಿಷೇಧಿಸಿದರು. ಆಕಾಶವನ್ನು ಓದುವ ಹಕ್ಕು ಅರಮನೆಯದು ಮಾತ್ರ, ಏಕೆಂದರೆ ಬಂಡಾಯಗಾರನಿಗೂ ಬೇಕಾಗುವ ಮೊದಲ ಸಾಕ್ಷಿ ಅದೇ.

ಸೋಂಗ್ ಆಸ್ಥಾನ ಸುಳ್ಳು ತಡೆಯಲು ಎರಡು ಕಚೇರಿ ಇಟ್ಟಿತು, ಅರಮನೆಯೊಳಗೆ ಒಂದು, ಹೊರಗೆ ಒಂದು. ಎರಡಕ್ಕೂ ಜಲಗಡಿಯಾರ, ವೀಕ್ಷಣಾ ವೇದಿಕೆ, ಕಂಚಿನ ಗೋಳಯಂತ್ರ. ಒಳಗಿನ ವರದಿ ಬೆಳಗಿನ ಜಾವ ಅರಮನೆ ಕೋಟೆಯ ದ್ವಾರ ತೆರೆಯುವ ಮುಂಚೆ ತಲುಪಬೇಕು, ಹೊರಗಿನದು ದ್ವಾರ ತೆರೆದ ಮೇಲೆ, ಆಮೇಲೆ ಎರಡನ್ನೂ ತಾಳೆ ನೋಡಬೇಕು. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ಏರ್ಪಾಡು ಕಷ್ಟ. 1070ರ ದಶಕದಲ್ಲಿ ಶೆನ್ ಕುವೊ ಮುಖ್ಯಸ್ಥನಾಗಿ ಬಂದು ನೋಡಿದಾಗ ಎರಡೂ ಕಚೇರಿಯವರು ಮೊದಲೇ ಮಾತಾಡಿಕೊಂಡು ಒಂದೇ ವರದಿಯನ್ನು ಎರಡು ಸಲ ಬರೆಯುತ್ತಿದ್ದರು. ಆರು ಜನರನ್ನು ಕೆಲಸದಿಂದ ತೆಗೆದ. ಸ್ವಲ್ಪ ದಿನದಲ್ಲೇ ಹಳೆಯ ಚಾಳಿ ಮತ್ತೆ ಶುರುವಾಯಿತೆಂದು ಅವನೇ ಬರೆದಿಟ್ಟಿದ್ದಾನೆ. ‘ಎರಡು ಮೂಲಗಳೂ ಹೇಳುತ್ತವೆ, ಆದ್ದರಿಂದ ನಿಜ’ ಎನ್ನುವ ಮುಂಚೆ ಈ ಆರು ಜನರನ್ನು ನೆನೆಯಿರಿ.

ವ್ಯಾಖ್ಯಾನ ಬರೆದವನಿಗೂ ಅಪಾಯವಿತ್ತು. ಕ್ರಿ.ಪೂ. 135ರಲ್ಲಿ ಲಿಯಾವೊದೋಂಗ್‌ನ ವಂಶಸ್ಥಾಪಕನ ಗುಡಿಗೆ ಬೆಂಕಿ ಬಿತ್ತು. ದೋಂಗ್ ಜೋಂಗ್‌ಶು ಅದರ ಅರ್ಥ ಬರೆದು ಕರಡನ್ನು ಮನೆಯಲ್ಲೇ ಇಟ್ಟುಕೊಂಡಿದ್ದ. ಜುಫು ಯಾನ್ ಎಂಬವನು ಕದ್ದು ಸಮ್ರಾಟನಿಗೆ ಒಪ್ಪಿಸಿದ. ವಿದ್ವಾಂಸರ ಸಭೆಯಲ್ಲಿ ದೋಂಗ್‌ನ ಶಿಷ್ಯ ಲ್ಯು ಬುಶು, ಬರೆದವರು ಯಾರೆಂದು ಅರಿಯದೆ, ಇದು ಮಹಾಮೂರ್ಖತನ ಎಂದ. ಗುರುವಿಗೆ ಮರಣದಂಡನೆಯಾಗಿ, ಆಮೇಲೆ ಕ್ಷಮೆ ಸಿಕ್ಕಿತು. ಸಿದ್ಧಾಂತ ಕಟ್ಟಿದವನೇ ಮುಂದೆ ಉತ್ಪಾತಗಳ ಬಗ್ಗೆ ಬಾಯಿ ಬಿಡಲಿಲ್ಲ.

6. ಹೊಡೆತ ಯಾರಿಗೆ ಬಿತ್ತು?

ಪ್ರತಿ ಗ್ರಹಣಕ್ಕೂ ಒಂದು ವಾಡಿಕೆಯ ಉತ್ತರ ಇತ್ತು: ಸಮ್ರಾಟ ಸಾದಾ ಬಟ್ಟೆ ತೊಡುವುದು, ಮುಖ್ಯ ಸಭಾಂಗಣ ಬಿಟ್ಟು ಕೂರುವುದು, ಊಟದ ಬಗೆ ಕಡಿಮೆ ಮಾಡುವುದು, ನಗಾರಿ ಬಾರಿಸುವುದು. ಇದಷ್ಟೇ ಕಂಡರೆ ಮುಂದೆ ಹೋಗಿ. ವಾಡಿಕೆ ಮೀರಿದ ಆಜ್ಞೆ ಎಲ್ಲಿದೆಯೋ ಅಲ್ಲಿ ನಿಲ್ಲಿ.

ನಮ್ಮ ಕ್ರಿ.ಪೂ. 178ರ ಗ್ರಹಣದಲ್ಲಿ ಅದು ಇದೆ. ದೊರೆಗೆ ಸದ್ಗುಣವಿಲ್ಲದೆ ಆಡಳಿತ ಸಮವಾಗಿಲ್ಲದಿದ್ದರೆ ಆಕಾಶ ಅನಾಹುತ ತೋರಿಸಿ ಎಚ್ಚರಿಸುತ್ತದೆ ಎಂದು ಶುರುವಾಗುವ ನಿರೂಪದಲ್ಲಿ ವೆನ್ ಸಮ್ರಾಟ ತಪ್ಪನ್ನು ತನ್ನ ಮೇಲೇ ಹಾಕಿಕೊಳ್ಳುತ್ತಾನೆ. ತನ್ನ ದೋಷ ಹೇಳಿ ಎನ್ನುತ್ತಾನೆ. ನೇರ ಮಾತಿನ ಯೋಗ್ಯರನ್ನು ಸೂಚಿಸಿ ಎನ್ನುತ್ತಾನೆ. ಕಣ್ಣು ಅಲ್ಲಿಗೇ ನಿಲ್ಲಬಾರದು, ಕೊನೆಯ ಸಾಲುಗಳನ್ನು ಓದಿ: ರಕ್ಷಕ ಸೇನಾಧಿಪತಿಯ ಪಡೆ ವಿಸರ್ಜನೆ, ಲಾಯದಲ್ಲಿ ಅಗತ್ಯದಷ್ಟೇ ಕುದುರೆ ಉಳಿಸಿ ಮಿಕ್ಕವನ್ನು ಅಂಚೆ ಠಾಣೆಗಳಿಗೆ ಕೊಡುವುದು. ಅದಕ್ಕೆ ಮುಂಚೆ ಆಳುತ್ತಿದ್ದ ಲ್ಯು ಸಾಮ್ರಾಜ್ಞಿಯ ಕುಲದ ಹತ್ಯೆಯಾಗಿ, ಮಂತ್ರಿಗಳು ಕರೆತಂದು ಕೂರಿಸಿದ ಈ ಸಮ್ರಾಟ ಗದ್ದುಗೆ ಏರಿ ಆಗಿನ್ನೂ ಎರಡು ವರ್ಷವಾಗಿರಲಿಲ್ಲ. ನಾನು ಭದ್ರವಾಗಿದ್ದೇನೆ, ಖರ್ಚು ಇಳಿಸುತ್ತೇನೆ, ಕಾವಲು ಸಡಿಲಿಸುತ್ತೇನೆ ಎಂದು ದೇಶಕ್ಕೆ ಸಾರಲು ಗ್ರಹಣ ಅವಕಾಶ ಕೊಟ್ಟಿತು. ತಪ್ಪೊಪ್ಪಿಗೆ ಎಂದು ಕಾಣುವ ಈ ನಿರೂಪ ಅಧಿಕಾರದ ಮೇಲೆ ಹಿಡಿತ ಸಿಕ್ಕವನ ಮಾತು ಎಂಬುದು ನಮ್ಮ ಓದು.

ಇನ್ನೊಂದು ತುದಿಯಲ್ಲಿದೆ ಕ್ರಿ.ಪೂ. 7. ಚೆಂಗ್ ಸಮ್ರಾಟನ ಕಾಲದಲ್ಲಿ ಮಂಗಳ ಹೃದಯವನ್ನು ಕಾಯುತ್ತಿದೆಯೆಂಬ ವರದಿ ಬಂತು. ಖಗೋಳ ಬಲ್ಲ ಬೆನ್ ಲಿ ಎಂಬವನು, ದೊಡ್ಡ ಮಂತ್ರಿಯೊಬ್ಬ ಇದನ್ನು ಹೊರಬೇಕೆಂದ. ಹಾನ್ ಪದ್ಧತಿ ಹೀಗಿತ್ತು: ಅರಮನೆಯ ದೂತ ನಾಲ್ಕು ಬಿಳಿ ಕುದುರೆಯ ರಥದಲ್ಲಿ ಹತ್ತು ಶಿ, ಅಂದರೆ ಸುಮಾರು 200 ಲೀಟರ್ ಉತ್ತಮ ಮದ್ಯ ಮತ್ತು ಒಂದು ಎತ್ತನ್ನು ಮುಖ್ಯಮಂತ್ರಿಗೆ ತಲುಪಿಸುತ್ತಾನೆ, ಜೊತೆಗೆ ದೋಷಾರೋಪಣೆಯ ಪತ್ರ. ದೂತ ಮರಳಿ ವರದಿ ಒಪ್ಪಿಸುವಷ್ಟರಲ್ಲಿ, ಮುಖ್ಯಮಂತ್ರಿ ಕಾಯಿಲೆಯಿಂದ ಏಳಲಾರರು ಎಂಬ ಸುದ್ದಿ ಕಚೇರಿಗೆ ಬಂದಿರಬೇಕು. ಆಗಿನ ಮುಖ್ಯಮಂತ್ರಿ ಝಾಯ್ ಫಾಂಗ್‌ಜಿನ್ ಅದೇ ದಿನ ತಾನೇ ಪ್ರಾಣ ಕಳೆದುಕೊಂಡ. ಕಾರಣ ಮುಚ್ಚಿಟ್ಟು ವೈಭವದ ಶವಸಂಸ್ಕಾರ ಮಾಡಿದರು. ಮುಂದಿನ ತಿಂಗಳೇ ಸಮ್ರಾಟನೂ ಸತ್ತ. ತಂತ್ರಾಂಶದಲ್ಲಿ ಆ ವಸಂತಕ್ಕೆ ಹೋಗಿ ನೋಡಿ, ಮಂಗಳ ಅಲ್ಲಿರಲಿಲ್ಲ. ಮೇಲೆ ಹೇಳಿದ 17ರಲ್ಲಿ ಇದೂ ಒಂದು. ಗ್ರಹವಿಲ್ಲದ ಜಾಗದಲ್ಲಿ ಒಬ್ಬ ಮನುಷ್ಯನ ಹೆಣ ಬಿದ್ದಿದೆ.

ಹೊಣೆ ಕೆಳಕ್ಕೆ ಜಾರುವ ಈ ರೂಢಿಯನ್ನು ವರ್ಷಗಳಲ್ಲೇ ಗುರುತಿಸಬಹುದು. ಕ್ರಿ.ಶ. 107ರಲ್ಲಿ ‘ತ್ರಿಮಂತ್ರಿ’ಗಳಲ್ಲಿ (ಆಸ್ಥಾನದ ಅತಿ ಮೇಲಿನ ಮೂವರು ಮಂತ್ರಿಗಳಲ್ಲಿ) ಅನಾಹುತಗಳ ಕಾರಣಕ್ಕೆ ವಜಾ ಆದ ಮೊದಲಿಗ ಶು ಫಾಂಗ್. ಅಲ್ಲಿಂದ ಅದೇ ವಾಡಿಕೆಯಾಯಿತು. 221ರ ಗ್ರಹಣಕ್ಕೆ ಮಂತ್ರಿಯನ್ನು ತೆಗೆಯಿರೆಂದು ಸಲಹೆ ಬಂದಾಗ ವೆಯ್ ಸಮ್ರಾಟ ತ್ಸಾವೊ ಪೀ, ಉತ್ಪಾತ ಎಚ್ಚರಿಸುವುದು ತಲೆಯನ್ನು, ತಪ್ಪನ್ನು ಕೈಕಾಲಿನ ಮೇಲೆ ಹಾಕುವುದು ಸರಿಯಲ್ಲ, ಇನ್ನು ಮುಂದೆ ಈ ಕಾರಣಕ್ಕೆ ತ್ರಿಮಂತ್ರಿಗಳ ಮೇಲೆ ದೂರು ತರಬೇಡಿ ಎಂದು ಆಜ್ಞೆ ಮಾಡಿದ.

7. ಕಾಕತಾಳೀಯ ಸೋಸುವುದು

ಒಂದನೇ ಶತಮಾನದ ವಾಂಗ್ ಚೋಂಗ್ ಆಗಲೇ ಹೇಳಿದ್ದ: ಸುಮಾರು 41–42 ತಿಂಗಳಿಗೊಂದು ಸೂರ್ಯಗ್ರಹಣ, 180 ದಿನಕ್ಕೊಂದು ಚಂದ್ರಗ್ರಹಣ, ಇದಕ್ಕೂ ಆಡಳಿತಕ್ಕೂ ಸಂಬಂಧವಿಲ್ಲ. ಮಂತ್ರಿಗಳ ವಜಾ ಕೂಡ ಪದೇ ಪದೇ ಆಗುತ್ತಿತ್ತು. ಎರಡು ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟರೆ ಎಲ್ಲಾದರೂ ಹೊಂದಿಕೊಂಡೇ ಹೊಂದಿಕೊಳ್ಳುತ್ತವೆ. ಅದಕ್ಕೇ ಪ್ರತಿ ಸಂಬಂಧಕ್ಕೂ ದರ್ಜೆ ಕೊಡಿ. ನಿರೂಪವೇ ಉತ್ಪಾತವನ್ನು ಹೆಸರಿಸಿದರೆ ಮೊದಲ ದರ್ಜೆ. ಆ ಕಾಲದ ಬಿನ್ನವತ್ತಳೆ ಹೆಸರಿಸಿ ನಿರೂಪ ಮೌನವಾಗಿದ್ದರೆ ಎರಡನೆಯದು. ದಿನಾಂಕ ಹತ್ತಿರವಿದೆ ಅಷ್ಟೇ ಎಂದಾದರೆ ಮೂರನೆಯದು, ಅದರ ಮೇಲೆ ವಾದ ಕಟ್ಟಬೇಡಿ.

ಬರೆಯದೆ ಬಿಟ್ಟದ್ದನ್ನೂ ಹುಡುಕಬೇಕು. ಒಂದು ಆಳ್ವಿಕೆಯ ಅವಧಿಯಲ್ಲಿ ರಾಜಧಾನಿಗೆ ಚೆನ್ನಾಗಿ ಕಾಣುತ್ತಿದ್ದ ಗ್ರಹಣಗಳನ್ನೆಲ್ಲ ತಂತ್ರಾಂಶದಿಂದ ತೆಗೆದು, ದಾಖಲೆಯ ಪಟ್ಟಿಯೊಡನೆ ಹೊಂದಿಸಿ. ಮೋಡ ಕವಿದಿದ್ದಿರಬಹುದು, ಸೂರ್ಯೋದಯದ ಹೊತ್ತಿಗೆ ಗ್ರಹಣ ಸಣ್ಣದಿದ್ದಿರಬಹುದು, ಅವನ್ನು ಮೊದಲು ಬದಿಗಿಡಿ. ಉಳಿದ ಮೌನ ಒಬ್ಬ ಸಮ್ರಾಟನ ಕಾಲದಲ್ಲಿ ದಟ್ಟವಾಗಿ, ಇನ್ನೊಬ್ಬನ ಕಾಲದಲ್ಲಿ ತೆಳ್ಳಗಿದ್ದರೆ, ಅಧಿಕಾರಿಗಳು ಯಾರನ್ನು ಟೀಕಿಸಲು ಬಯಸಿದರು, ಯಾರನ್ನು ಬಿಟ್ಟರು ಎಂಬ ಪ್ರಶ್ನೆ ಎತ್ತಲು ಆಧಾರ ಸಿಗುತ್ತದೆ.

ಕೈ ಪಳಗಿಸಲು ಮೂರು ದಾಖಲೆ

ಕ್ರಿ.ಪೂ. 181 ಮಾರ್ಚ್ 4, ಜಿಚೌ ದಿನ, ದಿನಸಂಖ್ಯೆ 1655376. ಹಗಲು ಕತ್ತಲಾದ ಸಂಪೂರ್ಣ ಗ್ರಹಣ. ಲ್ಯು ಸಾಮ್ರಾಜ್ಞಿ ‘ಇದು ನನ್ನಿಂದಲೇ’ ಅಂದಳೆಂದು ಶಿಜಿ ಬರೆಯುತ್ತದೆ, ಮರುವರ್ಷ ತೀರಿಕೊಂಡಳು. ಗ್ರಹಣ ಗಟ್ಟಿ, ಮಾತು ಯಾರು ಕೇಳಿ ಬರೆದರೆಂಬುದನ್ನು ವಿಚಾರಿಸಿ.

ಕ್ರಿ.ಶ. 31 ಮೇ 10, ಗುಯ್‌ಹಾಯ್ ದಿನ, ದಿನಸಂಖ್ಯೆ 1732510. ಲೆಕ್ಕಕ್ಕೆ 60 ಬರಬೇಕು. ಇದಾದ ಮೇಲೆ ಗುವಾಂಗ್‌ವು ಸಮ್ರಾಟ ಬಿನ್ನವತ್ತಳೆಗಳಲ್ಲಿ ತನ್ನನ್ನು ‘ಋಷಿ’ ಎಂದು ಕರೆಯಬಾರದೆಂದು ಆಜ್ಞೆ ಮಾಡಿದ. ಇಂಥ ವಿನಯ ಯಾರಿಗೆ ಹೇಳಿದ್ದೆಂದು ತಿಳಿಯಲು ಆ ವರ್ಷ ಅವನಿಗೆ ಎದುರಾಗಿ ಇನ್ನೂ ಯಾರು ಸಮ್ರಾಟರೆಂದು ಹೇಳಿಕೊಳ್ಳುತ್ತಿದ್ದರೆಂದು ನೋಡಿ.

1054 ಜುಲೈ 4, ಮತ್ತೆ ಜಿಚೌ ದಿನ, ದಿನಸಂಖ್ಯೆ 2106216. ವೃಷಭದ ಕೊಂಬಿನ ಬಳಿ ‘ಅತಿಥಿ ನಕ್ಷತ್ರ’ (ಮೊದಲು ಇಲ್ಲದ ಕಡೆ ಹೊಸದಾಗಿ ಕಾಣಿಸಿಕೊಂಡ ನಕ್ಷತ್ರ), 23 ದಿನ ಹಗಲಲ್ಲೂ ಕಂಡಿತು. ಅದರ ಅವಶೇಷವೇ ಇಂದಿನ ಏಡಿ ನೀಹಾರಿಕೆ. ಖಗೋಳಾಧಿಕಾರಿ ಯಾಂಗ್ ವೆಯ್‌ದೆ ಇದನ್ನು ಸಮ್ರಾಟನಿಗೆ ಶುಭವೆಂದು ಓದಿದ. ಅತಿಥಿ ನಕ್ಷತ್ರಗಳಿಗೆ ಅಶುಭ ಅರ್ಥಗಳೂ ಬೇಕಾದಷ್ಟಿದ್ದವು. ನಾಲ್ಕನೇ ಹಂತದ ಪಟ್ಟಿಯನ್ನು ಇದಕ್ಕೆ ಮಾಡಿ, ಅವನು ಬಿಟ್ಟ ಅರ್ಥಗಳನ್ನು ಒಂದೊಂದಾಗಿ ಬರೆದುಕೊಳ್ಳಿ.